ಆಟದ ಬೆಟ್ಟವೂ ಊರಿನ ಬೆಟ್ಟವೂ

ಆಟಕ್ಕೂ ಪಾಠಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂದು ಭಾವಿಸುವವರು ನಮ್ಮಲ್ಲಿ ಬಹುಮಂದಿ. ಮಗು ಆಡುತ್ತಿದೆಯೆಂದರೆ ಅದು ಓದುತ್ತಿಲ್ಲವೆಂದೇ ಅವರ ಎಣಿಕೆ. ಆದರೆ ಮನುಷ್ಯನು ಅಕ್ಷರ ಕಲಿಯುವುದಕ್ಕಿಂತ ಬಹು ಮುಂಚೆಯೇ ಆಟದಿಂದ ಕಲಿಯತೊಡಗುತ್ತಾನೆ. ಮರಳ ರಾಶಿಯಲ್ಲಿ ಕಾಲು ಹುದುಗಿಸಿ ಗುಬ್ಬಚ್ಚಿ ಗೂಡು ಕಟ್ಟುವ ಮಗುವು ಒಣಮರಳು ನಿಲ್ಲದು, ಹಸಿಮರಳು ನಿಲ್ಲುವುದು ಎಂಬುದನ್ನು ಯಾರ ಬೋಧನೆಯೂ ಇಲ್ಲದೆ ಅರಿತುಕೊಳ್ಳುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯಂದು ಎತ್ತು ಮಾಡಲು ಕುಳಿತ ಹುಡುಗನು, ಕಾಲುಗಳು ತೆಳುವಾದರೆ ಎತ್ತು ಮೈಭಾರಕ್ಕೆ ಕುಸಿಯುವುದೆಂದು ಒಂದೆರಡು ಎತ್ತುಗಳನ್ನು ಕಳೆದುಕೊಂಡೇ ತಿಳಿಯುತ್ತಾನೆ. ಅಳಗುಳಿಮಣೆಯ ಮುಂದೆ ಕುಳಿತ ಹುಡುಗಿಗೆ ಕೂಡುವ ಕಳೆಯುವ ಲೆಕ್ಕವನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಈ ಸಂಗತಿಯನ್ನು ಶಿಕ್ಷಣತಜ್ಞರು ಬಹುಕಾಲದ ಹಿಂದೆಯೇ ಗುರುತಿಸಿದ್ದರು. ಜರ್ಮನಿಯ ಫ್ರೊಬೆಲ್ 1837ರಲ್ಲಿ ಎಳೆಯ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದಾಗ ಅವರ ಕೈಗೆ ಮರದ ಘನಾಕೃತಿಗಳನ್ನು ಕೊಟ್ಟನು. ಅವುಗಳನ್ನು ಜೋಡಿಸಿ, ಕೆಡವಿ, ಮತ್ತೆ ಜೋಡಿಸುವುದೂ ಅಲ್ಲಿ ಪಾಠವೇ ಆಗಿತ್ತು. ಅದಾಗಿ ಸರಿಯಾಗಿ ನೂರು ವರ್ಷಗಳ ಮೇಲೆ, 1937ರಲ್ಲಿ, ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ವಿದ್ಯೆ ಬರಬೇಕೆಂದು ಪ್ರತಿಪಾದಿಸಿದರು. ನಮ್ಮ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಆಟ, ಕುಣಿತ, ಕುತೂಹಲಗಳನ್ನೇ ಆಧಾರವಾಗಿಟ್ಟುಕೊಂಡು ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಗಣಕಯಂತ್ರ ಬಂದ ಮೇಲೆ ಅಮೆರಿಕದ ಸೀಮೂರ್ ಪೇಪರ್ಟ್ ಮತ್ತು ಸಂಗಡಿಗರು 1967ರಲ್ಲಿ 'ಲೋಗೋ' ಎಂಬ ಭಾಷೆಯನ್ನು ಮಕ್ಕಳಿಗಾಗಿಯೇ ರಚಿಸಿದರು. ಯಂತ್ರವು ಮಗುವಿಗೆ ಕಲಿಸುವುದಕ್ಕಿಂತ, ಮಗುವೇ ಯಂತ್ರಕ್ಕೆ ಕಲಿಸುತ್ತ ತಾನೂ ಕಲಿಯುವುದು ಮೇಲೆಂಬುದು ಪೇಪರ್ಟನ ನಂಬಿಕೆ. ಕಟ್ಟುತ್ತ ಕಲಿಯುವುದು ಎಂಬ ಒಂದೇ ಎಳೆ ಇವರೆಲ್ಲರಲ್ಲಿಯೂ ಹರಿದಿದೆ.

ಇಂದು ಅದೇ ಎಳೆ ಹೊಸದೊಂದು ರೂಪದಲ್ಲಿ ನಮ್ಮ ಮುಂದೆ ಬಂದಿದೆ. ಮರಳಿನ ಅಂಗಳದಲ್ಲಿ ಮಕ್ಕಳು ಮನಬಂದುದನ್ನು ಕಟ್ಟುವಂತೆ ಗಣಕಯಂತ್ರದ ಪರದೆಯ ಮೇಲೆ ಕಟ್ಟಬಹುದಾದ ವಿಡಿಯೋ ಆಟಗಳಿವೆ. ಅವುಗಳಲ್ಲಿ ಹೆಸರಾಂತುದು 'ಮೈನ್‌ಕ್ರಾಫ್ಟ್'. ಸ್ವೀಡನ್ ದೇಶದ ಮಾರ್ಕುಸ್ ಪೆರ್ಸನ್ ಎಂಬಾತನು ಇದನ್ನು 2009ರಲ್ಲಿ ಮೊದಲು ಹೊರತಂದನು; 2011ರಲ್ಲಿ ಇದು ಪೂರ್ಣರೂಪ ತಾಳಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಇದನ್ನು ಕೊಂಡುಕೊಂಡಿತು. 2016ರಲ್ಲಿ ಶಾಲೆಗಳಿಗೆಂದೇ ಒಂದು ಆವೃತ್ತಿಯನ್ನು ಸಿದ್ಧಪಡಿಸಿತು. 2023ರ ವೇಳೆಗೆ ಈ ಆಟದ 30 ಕೋಟಿಗೂ ಮಿಗಿಲಾದ ಪ್ರತಿಗಳು ಮಾರಾಟವಾಗಿದ್ದುವು. 'ಮೈನ್' ಎಂದರೆ ಗಣಿ, 'ಕ್ರಾಫ್ಟ್' ಎಂದರೆ ಕೈಕಸುಬು. ಅಗೆದು ತೆಗೆಯುವುದು, ತೆಗೆದುದರಿಂದ ಕಟ್ಟುವುದು ಎಂಬ ಎರಡೇ ಮಾತಿನಲ್ಲಿ ಆಟದ ಸಾರವೆಲ್ಲ ಅಡಗಿದೆ.

ಆಟದ ಲೋಕವೆಲ್ಲ ಘನಾಕೃತಿಗಳಿಂದಾದುದು. ಒಂದೊಂದು ಘನದ ಪ್ರತಿ ಅಂಚೂ ಒಂದು ಮೀಟರ್ ಎಂದು ಲೆಕ್ಕ. ಮಣ್ಣು, ಕಲ್ಲು, ಮರ, ಮರಳು, ಕಲ್ಲಿದ್ದಲು, ಕಬ್ಬಿಣದ ಅದಿರು ಎಲ್ಲವೂ ಈ ಅಳತೆಯ ತುಂಡುಗಳಾಗಿ ದೊರೆಯುತ್ತವೆ. ಆಡುವವನು ಮರದ ಪಿಕಾಸಿಯಿಂದ ಕಲ್ಲನ್ನು ಅಗೆಯುತ್ತಾನೆ. ಆ ಕಲ್ಲಿನಿಂದ ಮಾಡಿದ ಪಿಕಾಸಿಯಿಂದ ಕಬ್ಬಿಣದ ಅದಿರನ್ನು ಅಗೆಯುತ್ತಾನೆ. ಕುಲುಮೆಯಲ್ಲಿ ಕಲ್ಲಿದ್ದಲು ಉರಿಸಿ ಅದಿರನ್ನು ಕರಗಿಸಿ ಕಬ್ಬಿಣದ ಗಟ್ಟಿ ಪಡೆಯುತ್ತಾನೆ. ಅಂತರ್ಜಾಲದ ಮೂಲಕ ಬೇರೆಬೇರೆ ಊರುಗಳ ಮಕ್ಕಳು ಒಂದೇ ಲೋಕದೊಳಗೆ ಕೂಡಿ ಕಟ್ಟಲೂ ಬಹುದು.

ಇಂಥ ಆಟವನ್ನು ಪಾಠಕ್ಕೆ ಬಳಸಬಹುದೆ ಎಂಬುದು ಪ್ರಶ್ನೆ. ಬಳಸಬಹುದು, ಬಳಸಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಆಟವು ಎಲ್ಲಿ ನಿಜ ಹೇಳುತ್ತದೆ, ಎಲ್ಲಿ ಸುಳ್ಳು ಹೇಳುತ್ತದೆ ಎಂಬುದನ್ನು ತೋರಿಸಿಕೊಡುವ ಉಪಾಧ್ಯಾಯನು ಮಗುವಿನ ಪಕ್ಕದಲ್ಲಿರಬೇಕು.

ಮೊದಲು ಅದರ ಗುಣಗಳನ್ನು ನೋಡೋಣ. ಒಂಬತ್ತನೆಯ ತರಗತಿಯ ಗಣಿತದಲ್ಲಿ ನಿರ್ದೇಶಾಂಕಗಳ ಪಾಠವುಂಟು. ಹಲಗೆಯ ಮೇಲೆ ಎರಡು ಗೆರೆ ಎಳೆದು ಬಿಂದುವನ್ನು ಗುರುತಿಸುವುದು ಹಲವು ಮಕ್ಕಳಿಗೆ ನೀರಸವೆನಿಸುತ್ತದೆ. ಈ ಆಟದಲ್ಲಿ ಆಡುವವನು ನಿಂತ ತಾಣವನ್ನು ಮೂರು ಸಂಖ್ಯೆಗಳು ತಿಳಿಸುತ್ತವೆ: ಪೂರ್ವ-ಪಶ್ಚಿಮಕ್ಕೆ ಒಂದು, ಉತ್ತರ-ದಕ್ಷಿಣಕ್ಕೆ ಒಂದು, ಎತ್ತರಕ್ಕೆ ಒಂದು. ತಾನು ಕಟ್ಟಿದ ಮನೆಗೆ ಗೆಳೆಯನನ್ನು ಕರೆಯಬೇಕಾದರೆ ಈ ಮೂರು ಸಂಖ್ಯೆಗಳನ್ನು ಹೇಳಲೇಬೇಕು. ಆಗ ನಿರ್ದೇಶಾಂಕವು ಪರೀಕ್ಷೆಯ ಪ್ರಶ್ನೆಯಾಗಿ ಉಳಿಯದೆ ಮನೆಯ ವಿಳಾಸವಾಗುತ್ತದೆ. ಗೋಡೆ ಕಟ್ಟುವುದಕ್ಕೆ ಮುಂಚೆ ಎಷ್ಟು ಕಲ್ಲು ಬೇಕೆಂದು ಎಣಿಸುವಾಗ ಘನಫಲದ ಸೂತ್ರ ತಾನಾಗಿ ನಾಲಗೆಗೆ ಬರುತ್ತದೆ. ಆಟದಲ್ಲಿ ದೊರೆಯುವ ಒಂದು ಬಗೆಯ ಕೆಂಪು ಪುಡಿಯಿಂದ ವಿದ್ಯುತ್ ತಂತಿಯಂಥ ಜಾಲವನ್ನು ಹೆಣೆದು, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ತೆರೆಯುವ ಬಾಗಿಲನ್ನು ಮಾಡಬಹುದು. ಗಣಕಯಂತ್ರದ ತರ್ಕಕ್ಕೆ ಇದೇ ಮೊದಲ ಮೆಟ್ಟಿಲು.

ಬೇರೆ ದೇಶಗಳಲ್ಲಿ ಇದನ್ನು ಅರಿತು ಬಳಸಿದ್ದಾರೆ. 2013ರಲ್ಲಿ ಸ್ಟಾಕ್‌ಹೋಮ್ ನಗರದ ಶಾಲೆಯೊಂದು ಹದಿಮೂರು ವಯಸ್ಸಿನ ಮಕ್ಕಳಿಗೆ ಈ ಆಟವನ್ನು ಪಾಠವಾಗಿಯೇ ಇಟ್ಟು, ನಗರಯೋಜನೆ ಮತ್ತು ಪರಿಸರದ ವಿಚಾರಗಳನ್ನು ಅದರ ಮೂಲಕ ತಿಳಿಸಿಕೊಟ್ಟಿತು. 2014ರಲ್ಲಿ ಡೆನ್ಮಾರ್ಕಿನ ಸರ್ಕಾರಿ ಭೂಮಾಪನ ಇಲಾಖೆಯು ತಮ್ಮ ಇಡೀ ದೇಶವನ್ನು ನಿಜವಾದ ಅಳತೆಯಲ್ಲಿಯೇ ಈ ಆಟದೊಳಗೆ ಮೂಡಿಸಿತು. ಎಲ್ಲಕ್ಕಿಂತ ಮೆಚ್ಚತಕ್ಕದ್ದು 2012ರಲ್ಲಿ ವಿಶ್ವಸಂಸ್ಥೆಯ ವಸತಿ ವಿಭಾಗವು ಆರಂಭಿಸಿದ ಕಾರ್ಯ. ಕೀನ್ಯಾ ದೇಶದ ನೈರೋಬಿ ನಗರದಲ್ಲಿ ಕಿಬೇರಾ ಎಂಬ ಬಡವರ ಬಡಾವಣೆಯಿದೆ. ತಮ್ಮ ಆಟದ ಬಯಲು ಹೇಗಿರಬೇಕೆಂಬುದನ್ನು ಅಲ್ಲಿನ ನಿವಾಸಿಗಳು ಈ ಆಟದಲ್ಲಿ ಕಟ್ಟಿ ತೋರಿಸಿದರು. ನಕ್ಷೆ ಓದಲು ಬಾರದವರೂ ಘನಗಳನ್ನು ಜೋಡಿಸಿ ತಮ್ಮ ಮನಸ್ಸಿನ ಮಾತನ್ನು ಹೇಳಬಲ್ಲವರಾದರು.

ಇನ್ನು ನಮ್ಮ ಸೀಮೆಗೆ ಬರೋಣ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ ದೋಣಿಮಲೈ ಎಂಬ ಊರಿದೆ. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು 1977ರಲ್ಲಿ ಇಲ್ಲಿ ಕಬ್ಬಿಣದ ಅದಿರಿನ ಗಣಿಯನ್ನು ಆರಂಭಿಸಿತು. ಗಣಿಯ ಜೊತೆಯಲ್ಲಿಯೇ ಕೆಲಸಗಾರರ ವಸತಿಯೂ ಬೆಳೆಯಿತು. ಈ ಸಾಲಿನ ಬೆಟ್ಟಗಳ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಪುರಾತನ ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತ ಕಬ್ಬಿಣವೇ ಕಾಲಾಂತರದಲ್ಲಿ ಮೇಲೆದ್ದು ಬೆಟ್ಟವಾಗಿ ನಿಂತಿದೆ. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಅದಿರನ್ನು ತೆಗೆದು, ಪುಡಿಮಾಡಿ, ಗೂಡ್ಸ್ ರೈಲುಗಳಲ್ಲಿ ಉಕ್ಕಿನ ಕಾರ್ಖಾನೆಗಳಿಗೆ ಸಾಗಿಸುತ್ತಾರೆ. ಬೇರೆ ಊರಿನ ಮಕ್ಕಳಿಗೆ 'ಅಗೆದು ಕಟ್ಟುವ ಆಟ' ಕೇವಲ ಕಲ್ಪನೆ. ದೋಣಿಮಲೈಯ ಮಕ್ಕಳಿಗೆ ಅದು ಕಣ್ಣೆದುರಿನ ಸಂಗತಿ. ಆದಕಾರಣ ಈ ಆಟದ ನಿಜ-ಸುಳ್ಳುಗಳನ್ನು ತೂಗಿ ನೋಡಲು ಅವರಿಗಿಂತ ತಕ್ಕವರು ಬೇರೆ ಇಲ್ಲ.

ಆಟ ಹೇಳುವ ಮೊದಲನೆಯ ಸುಳ್ಳು ತೂಕದ್ದು. ಆಡುವವನು ತನ್ನ ಚೀಲದ ಒಂದೇ ಮನೆಯಲ್ಲಿ 64 ಘನಗಳನ್ನು ಹೊರಬಲ್ಲನು. ಒಂದು ಘನಮೀಟರ್ ಒಳ್ಳೆಯ ಹೆಮಟೈಟ್ ಅದಿರು ಕಡಿಮೆಯೆಂದರೂ 4 ಟನ್ ತೂಗುತ್ತದೆ ಎಂದಿಟ್ಟುಕೊಂಡರೆ 64 ಘನಗಳ ಭಾರ 256 ಟನ್. ಅಂದರೆ 60 ಟನ್ ಹೊರುವ ನಾಲ್ಕು ರೈಲು ಬೋಗಿಗಳಿಗೂ ಮೀರಿದ ಹೊರೆಯನ್ನು ಹುಡುಗನೊಬ್ಬ ಬೆನ್ನ ಮೇಲೆ ಹೊತ್ತು ಓಡುತ್ತಾನೆ! ಗಣಿಯಲ್ಲಿ ದುಡಿಯುವ ತಂದೆಯ ಮೈಬೆವರು ಆ ಲೆಕ್ಕದಲ್ಲಿ ಇಲ್ಲ.

ಎರಡನೆಯ ಸುಳ್ಳು ಆಧಾರದ್ದು. ಆಟದಲ್ಲಿ ಬೆಟ್ಟದ ಬುಡವನ್ನು ಪೂರ್ತಿ ಕಡಿದು ತೆಗೆದರೂ ಮೇಲಿನ ಬಂಡೆ ಆಕಾಶದಲ್ಲಿ ತೇಲುತ್ತ ನಿಂತಿರುತ್ತದೆ. ಮರಳು, ಜಲ್ಲಿಗಳಂಥವು ಮಾತ್ರ ಕೆಳಕ್ಕೆ ಬೀಳುತ್ತವೆ. ನಿಜವಾದ ಬೆಟ್ಟ ಹಾಗೆ ಕ್ಷಮಿಸುವುದಿಲ್ಲ. ಇಳಿಜಾರನ್ನು ಅಳತೆ ಮೀರಿ ಕಡಿದರೆ ಅದು ಕುಸಿಯುತ್ತದೆ. ಗಣಿಯನ್ನು ಮೆಟ್ಟಿಲುಗಳಾಗಿ ಕಡಿಯುವುದು ಚೆಲುವಿಗಾಗಿ ಅಲ್ಲ, ಪ್ರಾಣರಕ್ಷಣೆಗಾಗಿ.

ಮೂರನೆಯದು ನೀರು ಮತ್ತು ಕಾಲದ ಸುಳ್ಳು. ಆಟದಲ್ಲಿ ಎರಡು ಬಕೆಟ್ ನೀರನ್ನು ಸರಿಯಾದ ರೀತಿಯಲ್ಲಿ ಸುರಿದರೆ ಎಷ್ಟು ಮೊಗೆದರೂ ಬತ್ತದ ಸೆಲೆಯೊಂದು ಹುಟ್ಟುತ್ತದೆ. ನೆಟ್ಟ ಸಸಿ ಕೆಲವೇ ನಿಮಿಷಗಳಲ್ಲಿ ಮರವಾಗುತ್ತದೆ. ಒಂದು ಹಗಲು-ಇರುಳು 20 ನಿಮಿಷಗಳಲ್ಲಿ ಮುಗಿಯುತ್ತದೆ. ನಮ್ಮ ತುಂಗಭದ್ರೆಯ ಜಲಾಶಯವೋ ಮಳೆ ಬಂದರೆ ತುಂಬುತ್ತದೆ, ಇಲ್ಲದಿದ್ದರೆ ಇಲ್ಲ. ಗಣಿಯ ಮಣ್ಣು ಮಳೆಯಲ್ಲಿ ಕೊಚ್ಚಿಬಂದು ಹಳ್ಳವನ್ನು ತುಂಬಿದರೆ ಹೂಳೆತ್ತಲು ಜನ ಬೇಕು, ಹಣ ಬೇಕು. ಅಗೆದುಬಿಟ್ಟ ಬೆಟ್ಟದ ಮೇಲೆ ಮತ್ತೆ ಕಾಡು ಬೆಳೆಯಬೇಕಾದರೆ ಒಬ್ಬ ಮನುಷ್ಯನ ಆಯುಷ್ಯವೂ ಸಾಲದೆ ಹೋಗಬಹುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಈ ಬೆಟ್ಟಗಳಿಗೂ ಸಲ್ಲುತ್ತದೆ. ಅಗೆದ ಅದಿರು ಮತ್ತೆ ಹುಟ್ಟುವುದಿಲ್ಲ.

ಹಾಗಾದರೆ ಸುಳ್ಳು ಹೇಳುವ ಆಟವನ್ನು ಶಾಲೆಯೊಳಗೆ ಏಕೆ ತರಬೇಕೆಂದು ಕೇಳಬಹುದು. ಭೂಪಟವೂ ಒಂದು ಬಗೆಯಲ್ಲಿ ಸುಳ್ಳೇ. ದುಂಡಗಿನ ಭೂಮಿಯನ್ನು ಅದು ಚಪ್ಪಟೆಯಾಗಿ ತೋರಿಸುತ್ತದೆ. ಆದರೂ ಭೂಪಟವಿಲ್ಲದೆ ಭೂಗೋಳದ ಪಾಠ ಸಾಗದು. ಒಳ್ಳೆಯ ಉಪಾಧ್ಯಾಯನು ಭೂಪಟದ ಪಕ್ಕದಲ್ಲಿ ಗೋಳವನ್ನಿಟ್ಟು ಎರಡಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುತ್ತಾನೆ. ಆಟದ ಬೆಟ್ಟದ ಪಕ್ಕದಲ್ಲಿ ಊರಿನ ಬೆಟ್ಟವನ್ನಿಡುವುದೂ ಹಾಗೆಯೇ. ಎರಡರ ನಡುವಿನ ಅಂತರವೇ ಪಾಠ. ಬಂಡೆ ಏಕೆ ತೇಲುತ್ತಿದೆ ಎಂದು ಕೇಳಿದ ಕ್ಷಣದಲ್ಲಿ ಗುರುತ್ವಾಕರ್ಷಣೆಯ ಪಾಠ ಆರಂಭವಾಗುತ್ತದೆ. ನೀರು ಏಕೆ ಬತ್ತುತ್ತಿಲ್ಲ ಎಂದು ಕೇಳಿದಾಗ ಜಲಚಕ್ರದ ಪಾಠ ಮೊದಲಾಗುತ್ತದೆ.

ಇದನ್ನು ಕಾರ್ಯದಲ್ಲಿ ಹೇಗೆ ತರಬಹುದು? ಅದಕ್ಕೆ ಹಂಪಿಯೇ ದಾರಿ ತೋರಿಸುತ್ತದೆ. ಹಂಪಿಯ ರಾಜಪ್ರಾಂಗಣದಲ್ಲಿ, ಮಹಾನವಮಿ ದಿಬ್ಬದ ಸಮೀಪದಲ್ಲಿ, ಮೆಟ್ಟಿಲುಗಳ ಪುಷ್ಕರಣಿಯೊಂದಿದೆ. ಬಹುಕಾಲ ಮಣ್ಣಿನಲ್ಲಿ ಹೂತುಹೋಗಿದ್ದ ಇದನ್ನು ಪುರಾತತ್ತ್ವ ಇಲಾಖೆಯವರು 1980ರ ದಶಕದಲ್ಲಿ ಅಗೆದು ಬೆಳಕಿಗೆ ತಂದರು. ನುಣುಪಾದ ಕಪ್ಪು ಕಲ್ಲುಗಳಿಂದ ಐದು ಹಂತಗಳಾಗಿ ಕಟ್ಟಿದ ಈ ಕೊಳದ ಕಲ್ಲುಗಳ ಮೇಲೆ, ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಸೇರಬೇಕೆಂಬ ಗುರುತುಗಳನ್ನು ಶಿಲ್ಪಿಗಳು ಕೊರೆದಿದ್ದಾರೆ. ಕಲ್ಲುಗಳನ್ನು ಮೊದಲೇ ಅಳತೆಗೆ ಕಡಿದು, ಗುರುತು ಹಾಕಿ, ಆಮೇಲೆ ತಂದು ಜೋಡಿಸಿದರೆಂಬುದು ಇದರಿಂದ ತಿಳಿಯುತ್ತದೆ. ಘನಗಳಿಗೆ ಸಂಖ್ಯೆಯ ವಿಳಾಸ ಕೊಟ್ಟು ಕಟ್ಟುವ ಕ್ರಮ ಪರದೇಶದಿಂದ ನಮಗೆ ಬಂದ ಹೊಸ ವಿದ್ಯೆಯಲ್ಲ. ತುಂಗಭದ್ರೆಯ ದಡದ ಕಲ್ಲುಕುಟಿಗರಿಗೆ ಅದು ಶತಮಾನಗಳ ಹಿಂದೆಯೇ ಕೈವಶವಾಗಿತ್ತು.

ದೋಣಿಮಲೈ, ಸಂಡೂರು, ಹೊಸಪೇಟೆ, ಕಂಪ್ಲಿಗಳ ಶಾಲೆಗಳ ಒಂಬತ್ತನೆಯ ತರಗತಿಯ ಮಕ್ಕಳು ಈ ಪುಷ್ಕರಣಿಯನ್ನು ಆಟದಲ್ಲಿ ಕೂಡಿ ಕಟ್ಟುವರೆಂದು ಭಾವಿಸೋಣ. ಮೊದಲು ಅವರು ಹಂಪಿಗೆ ಹೋಗಿ ನಿಜವಾದ ಕೊಳವನ್ನು ನೋಡಬೇಕು. ಮೆಟ್ಟಿಲುಗಳನ್ನು ಎಣಿಸಬೇಕು, ಅಂದಾಜಿನ ಅಳತೆ ಬರೆದುಕೊಳ್ಳಬೇಕು. ಆಮೇಲೆ ಚೌಕುಳಿ ಕಾಗದದ ಮೇಲೆ ನಕ್ಷೆ ಬರೆಯಬೇಕು. ಒಂದು ಮೀಟರಿನ ಘನದಿಂದ ಅದಕ್ಕಿಂತ ಕಿರಿದಾದ ಮೆಟ್ಟಿಲನ್ನು ಕಟ್ಟಲಾಗದಾದ್ದರಿಂದ ಎಷ್ಟು ಪಟ್ಟು ಹಿಗ್ಗಿಸಬೇಕೆಂದು ಚರ್ಚಿಸಬೇಕು. ಪ್ರಮಾಣದ ಪಾಠ ಅಲ್ಲಿಯೇ ಆಗುತ್ತದೆ. ಆ ಬಳಿಕ ನಾಲ್ಕು ಊರುಗಳ ನಾಲ್ಕು ತಂಡಗಳು ಅಂತರ್ಜಾಲದಲ್ಲಿ ಕೂಡಿ ನಾಲ್ಕು ದಿಕ್ಕಿನ ಮೆಟ್ಟಿಲುಗಳನ್ನು ಕಟ್ಟಬೇಕು. ಒಂದು ತಂಡದ ಲೆಕ್ಕ ತಪ್ಪಿದರೆ ಮೂಲೆಗಳು ಕೂಡುವುದಿಲ್ಲ. ಯಾರು ತಪ್ಪಿದರೆಂದು ಮೇಷ್ಟ್ರು ಹೇಳಬೇಕಾಗಿಯೇ ಇಲ್ಲ, ಮೂಲೆಯೇ ಹೇಳುತ್ತದೆ. ಕಂಪ್ಲಿಯ ಹುಡುಗಿಗೆ ಗದ್ದೆ ಗೊತ್ತು, ಕಾಲುವೆ ಗೊತ್ತು; ದೋಣಿಮಲೈಯ ಹುಡುಗನಿಗೆ ಬೆಟ್ಟ ಗೊತ್ತು, ಗಣಿ ಗೊತ್ತು. ಕೊಳಕ್ಕೆ ನೀರು ತರುವ ಕಲ್ಲಿನ ಕಾಲುವೆಗೆ ಎಷ್ಟು ಇಳಿಜಾರಿರಬೇಕೆಂದು ಅವಳು ಹೇಳಿಯಾಳು. ಕಲ್ಲು ಯಾವ ಪದರದಿಂದ ಬಂದೀತೆಂದು ಅವನು ಹೇಳಿಯಾನು. ಕಡೆಯಲ್ಲಿ ಪ್ರತಿಯೊಬ್ಬರೂ ತಾವು ಕಟ್ಟಿದ ಬಗೆಯನ್ನು ಒಂದು ಪುಟದಷ್ಟು ಒಳ್ಳೆಯ ಕನ್ನಡದಲ್ಲಿ ಬರೆಯಬೇಕು. ಬರೆಯಲಾರದುದನ್ನು ನಾವು ಪೂರ್ತಿ ತಿಳಿದಿಲ್ಲವೆಂದೇ ಅರ್ಥ.

ಎರಡನೆಯ ಪಾಠ ಇನ್ನೂ ಹಿರಿದು. ಗಣಿಯೂ ಮೆಟ್ಟಿಲು, ಪುಷ್ಕರಣಿಯೂ ಮೆಟ್ಟಿಲು. ಒಂದನ್ನು ತೆಗೆಯುತ್ತ ಮಾಡಿದರು, ಇನ್ನೊಂದನ್ನು ಇಡುತ್ತ ಮಾಡಿದರು. ಅದಿರು ಮುಗಿದ ಮೇಲೆ ಈ ಗಣಿಯ ಗುಂಡಿ ಏನಾಗಬೇಕು? ಈ ಪ್ರಶ್ನೆಯ ಹಿಂದೆ ನಮ್ಮ ಸೀಮೆಯ ನೋವಿನ ಇತಿಹಾಸವಿದೆ. ಅಕ್ರಮ ಗಣಿಗಾರಿಕೆ ಮಿತಿಮೀರಿದಾಗ, 2011ರ ಜುಲೈಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ತಡೆಹಿಡಿಯಿತು. ಆಮೇಲೆ ಗಣಿಗಳನ್ನು ವರ್ಗೀಕರಿಸಿ, ಹಾಳಾದ ನೆಲವನ್ನು ಸರಿಪಡಿಸುವ ಯೋಜನೆಯ ಕರಾರಿನ ಮೇಲೆ 2013ರಲ್ಲಿ ಹಲವಕ್ಕೆ ಅನುಮತಿ ಕೊಟ್ಟಿತು. ಇತ್ತ ದೋಣಿಮಲೈಯ ಗಣಿಯೇ ಗುತ್ತಿಗೆಯ ವಿವಾದದಿಂದಾಗಿ 2018ರ ನವೆಂಬರಿನಲ್ಲಿ ನಿಂತು, 2021ರ ಫೆಬ್ರವರಿಯಲ್ಲಿ ಮತ್ತೆ ಆರಂಭವಾಯಿತು. ಗಣಿ ನಡೆದರೆ ಬೆಟ್ಟ ಕರಗುವುದು, ನಿಂತರೆ ಒಲೆ ಆರುವುದು ಎಂಬ ಇಕ್ಕಟ್ಟಿನಲ್ಲಿ ಬಾಳುವ ಜನರ ಮಕ್ಕಳು ಇವರು. ಆಟವನ್ನು ನಿಲ್ಲಿಸಿದರೆ ಯಾರ ಅನ್ನವೂ ಹೋಗುವುದಿಲ್ಲ. ಗಣಿ ನಿಂತರೆ ಹೋಗುತ್ತದೆ. ಈ ವ್ಯತ್ಯಾಸವೂ ಮಕ್ಕಳ ಲೆಕ್ಕದಲ್ಲಿ ಸೇರಬೇಕು. ಖಾಲಿಯಾದ ಗಣಿಯೊಂದನ್ನು ಆಟದಲ್ಲಿ ಕಟ್ಟಿ, ಅದನ್ನು ಕೆರೆಯಾಗಿಸುವುದೋ, ಮೆಟ್ಟಿಲುಗಳ ಮೇಲೆ ಕಾಡು ಬೆಳೆಸುವುದೋ, ಜನಕ್ಕೆ ದುಡಿಮೆ ಕೊಡುವ ಬೇರೇನನ್ನಾದರೂ ಅಲ್ಲಿ ಮಾಡುವುದೋ ಎಂದು ಅವರೇ ಯೋಚಿಸಲಿ. ಕಿಬೇರಾದ ಜನರು ತಮ್ಮ ಬಯಲನ್ನು ಕಟ್ಟಿ ತೋರಿಸಿದರಲ್ಲವೆ? ನಾಳೆ ಈ ಬೆಟ್ಟಗಳ ಬಗೆಗೆ ತೀರ್ಮಾನ ಮಾಡುವ ಸಭೆಗಳಲ್ಲಿ ಕೂರಬೇಕಾದವರು ಈ ಮಕ್ಕಳೇ. ಅಲ್ಲಿ ಮಾತನಾಡುವ ಧೈರ್ಯ ಶಾಲೆಯಲ್ಲಿಯೇ ಬರಬೇಕು.

ಆಕ್ಷೇಪಣೆಗಳಿಲ್ಲವೆಂದಲ್ಲ. ಪರದೆಯ ಗೀಳು ಹಿಡಿದ ಮಗು ಊಟ, ನಿದ್ರೆ, ಓದು ಮೂರನ್ನೂ ಮರೆಯುತ್ತದೆಂಬ ತಾಯಂದಿರ ದೂರು ಸುಳ್ಳಲ್ಲ. ಅತಿಯಾದರೆ ಅಮೃತವೂ ವಿಷ. ವಾರಕ್ಕೆ ಒಂದೆರಡು ಅವಧಿ, ಅದೂ ಉಪಾಧ್ಯಾಯರ ಸಮ್ಮುಖದಲ್ಲಿ, ಎಂಬ ಮಿತಿ ಇರಲೇಬೇಕು. ಗುರುತಿಲ್ಲದವರು ಸೇರಬಹುದಾದ ಬಯಲುಲೋಕಕ್ಕೆ ಮಕ್ಕಳನ್ನು ಬಿಡದೆ, ಆಯಾ ಶಾಲೆಗಳವರಿಗೆ ಮಾತ್ರ ತೆರೆಯುವ ಲೋಕದಲ್ಲಿ ಅವರನ್ನು ಸೇರಿಸಬೇಕು. ತನ್ನ ಹೆಸರು, ಊರು, ಚಿತ್ರಗಳನ್ನು ಅಪರಿಚಿತರಿಗೆ ಕೊಡಬಾರದೆಂಬುದು ಮೊದಲ ಪಾಠವಾಗಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬಡತನದ್ದು. 2020ರ ಮಾರ್ಚ್‌ನಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಅಂತರ್ಜಾಲಕ್ಕೆ ಹೋಯಿತು. ಮೊಬೈಲ್ ಇಲ್ಲದ ಮನೆಯ ಮಗು ಹೊರಗೆ ಉಳಿಯಿತು. ಆ ವರ್ಷದ ಆಗಸ್ಟಿನಲ್ಲಿ ನಮ್ಮ ರಾಜ್ಯವು 'ವಿದ್ಯಾಗಮ' ಎಂಬ ಯೋಜನೆಯನ್ನು ತಂದು ಉಪಾಧ್ಯಾಯರನ್ನೇ ಮಕ್ಕಳ ಓಣಿಗೆ ಕಳುಹಿಸಿತು. ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಪಾಠಗಳು ನಡೆದುವು. ಯಂತ್ರವಿಲ್ಲದೆಯೂ ಪಾಠ ನಡೆದೀತು, ಮೇಷ್ಟ್ರಿಲ್ಲದೆ ನಡೆಯದು ಎಂಬ ಮಾತನ್ನು ಆ ದಿನಗಳು ಸಾರಿಹೇಳಿದುವು. ಆದ್ದರಿಂದ ಈ ಆಟವು ಶ್ರೀಮಂತ ಶಾಲೆಗಳ ಸೊತ್ತಾಗಬಾರದು. ಹಣ ತೆತ್ತು ಕೊಳ್ಳುವ ಆಟವೇ ಬೇಕೆಂದೇನೂ ಇಲ್ಲ. 2010ರಲ್ಲಿ ಮೈನ್‌ಟೆಸ್ಟ್ ಎಂಬ ಹೆಸರಿನಿಂದ ಹುಟ್ಟಿ 2024ರಲ್ಲಿ 'ಲುವಾಂಟಿ' ಎಂದು ಹೆಸರು ಬದಲಿಸಿಕೊಂಡ ತಂತ್ರಾಂಶವು ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಅದನ್ನು ತಿದ್ದಿ ಬೆಳೆಸುವ ಸ್ವಾತಂತ್ರ್ಯವೂ ಉಂಟು. ಶಾಲೆಯೊಳಗಿನ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದರೆ ಅಂತರ್ಜಾಲವಿಲ್ಲದೆಯೂ ಅದರಲ್ಲಿ ಕೂಡಿ ಕಟ್ಟಬಹುದು. ನಾಲ್ಕು ಮಕ್ಕಳಿಗೆ ಒಂದೇ ಯಂತ್ರವಿದ್ದರೂ ಚಿಂತೆಯಿಲ್ಲ. ಒಬ್ಬನು ಕಟ್ಟುವಾಗ ಒಬ್ಬಳು ಲೆಕ್ಕ ಮಾಡಲಿ, ಒಬ್ಬಳು ನಕ್ಷೆ ನೋಡಲಿ, ಇನ್ನೊಬ್ಬನು ಬರೆದುಕೊಳ್ಳಲಿ.

ಹಲಗೆ-ಬಳಪ ಬಂದಾಗ ಮರಳ ಮೇಲೆ ಬರೆಯುವುದು ನಿಂತಿತು. ಪುಸ್ತಕ ಬಂದಾಗ ಓಲೆಗರಿ ಮರೆಯಾಯಿತು. ವಿದ್ಯೆಯ ಸಲಕರಣೆಗಳು ಬದಲಾಗುತ್ತಲೇ ಇರುತ್ತವೆ. ಸಲಕರಣೆಯನ್ನೇ ಗುರುವೆಂದು ತಿಳಿದರೆ ಕೆಡುಕು. ಅದನ್ನು ದೂರವಿಟ್ಟರೂ ನಷ್ಟ. ವಿದ್ಯಾರ್ಥಿಗಳೇ, ನೀವು ಆಟದಲ್ಲಿ ಅಗೆಯುವ ಪ್ರತಿಯೊಂದು ಘನಕ್ಕೂ ಹೊರಗೆ ಒಂದು ಭಾರವಿದೆ, ಒಂದು ಬೆಲೆಯಿದೆ, ಅದರ ಹಿಂದೆ ಒಬ್ಬರ ದುಡಿಮೆಯಿದೆ. ಕಟ್ಟುವ ಮುನ್ನ ಅದನ್ನು ಎಣಿಸಿರಿ. ಎಣಿಸಿ ಕಟ್ಟಲು ಕಲಿತವರ ಕೈಗೆ ಸಂಡೂರಿನ ಬೆಟ್ಟಗಳನ್ನು ಒಪ್ಪಿಸಲು ಹಿರಿಯರಾದ ನಾವು ಅಂಜಬೇಕಾಗಿಲ್ಲ.